ಮೂಡುಬಿದಿರೆ: ಊರೂ ಸಿದ್ಧಾಂತಗ್ರಂಥಗಳ ರಕ್ಷಣೆಯೂ

ಮೂಡುಬಿದಿರೆಯ ಹೆಸರನ್ನು ಕೇಳಿದೊಡನೆ ಯಾತ್ರಿಕರಿಗೆ ಸಾವಿರ ಕಂಬದ ಬಸದಿಯೂ ವಿದ್ವಾಂಸರಿಗೆ ಧವಲಾದಿ ಸಿದ್ಧಾಂತಗ್ರಂಥಗಳೂ ನೆನಪಿಗೆ ಬರುವುದು ಸಹಜ. ಆದರೆ ಇವೆರಡಕ್ಕೂ ಆಶ್ರಯವಾದ ಊರಿನ ವಿಚಾರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಷಟ್ಖಂಡಾಗಮದ ಟೀಕೆಯಾದ ಧವಲಾ ರಚಿತವಾದದ್ದು ವಾಟಗ್ರಾಮದಲ್ಲಿ. ಅದರ ಪ್ರತಿಗಳು ಒಂದು ಕಾಲದಲ್ಲಿ ಕರ್ಣಾಟಕದ ಬೇರೆ ಬೇರೆ ಪೀಠಗಳಲ್ಲಿ ಇದ್ದಿರಲೇಬೇಕು. ಕಡೆಗೆ ಉಳಿದದ್ದು ಮಾತ್ರ ತುಳುನಾಡಿನ ಈ ಸಣ್ಣ ಊರಿನಲ್ಲಿ. ಇದನ್ನು ಆಕಸ್ಮಿಕವೆಂದು ಬಿಡುವ ಮುನ್ನ ಊರಿನ ನೆಲ, ಜನ ಮತ್ತು ನಡಾವಳಿಗಳನ್ನು ಒಮ್ಮೆ ಪರಿಶೀಲಿಸುವುದು ಯುಕ್ತ.

ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರು ದೂರದಲ್ಲಿ, ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಈ ಪುರಸಭಾ ಪಟ್ಟಣವಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಎರಡರ ನಡುವಣ ಮುರಕಲ್ಲಿನ ದಿಣ್ಣೆಗಳ ನಾಡಿದು. ದಿಣ್ಣೆಗಳ ನಡುವಿನ ತಗ್ಗಿನಲ್ಲಿ ಬೈಲುಗದ್ದೆಗಳು, ಅಂಚಿನಲ್ಲಿ ಅಡಕೆ ತೆಂಗುಗಳ ತೋಟಗಳು. ಮೂಡು ದಿಕ್ಕಿನ ಬಿದಿರು ಎಂಬ ಅರ್ಥದ ಊರಿನ ಹೆಸರನ್ನು ಸಂಸ್ಕೃತದಲ್ಲಿ ವೇಣುಪುರ, ವಂಶಪುರ ಎಂದು ಮಾಡಿಕೊಂಡಿದ್ದಾರೆ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬ ಎಣಿಕೆ ಊರವರ ಬಾಯಲ್ಲಿದೆ. ಬಿದಿರುಮೆಳೆಯ ಬಳಿ ಹುಲಿಯೂ ಹಸುವೂ ವೈರ ಮರೆತು ನಿಂತಿದ್ದುದನ್ನು ಶ್ರವಣಬೆಳಗೊಳದಿಂದ ಬಂದ ಮುನಿಯೊಬ್ಬರು ಕಂಡರೆಂದೂ ಅಲ್ಲಿ ದೊರೆತ ಪಾರ್ಶ್ವನಾಥಬಿಂಬಕ್ಕೆ ಗುರುಬಸದಿಯನ್ನು ಕಟ್ಟಿದರೆಂದೂ ಸ್ಥಳಪುರಾಣ ಹೇಳುತ್ತದೆ. ಇತಿಹಾಸಕ್ಕೆ ಇದರಿಂದ ದೊರೆಯುವುದು ಇಷ್ಟೇ: ಊರು ತನ್ನ ಮೂಲವನ್ನು ಬೆಳಗೊಳದ ಗುರುಪರಂಪರೆಯೊಡನೆ ಜೋಡಿಸಿಕೊಂಡಿದೆ. ಮಠದ ಪೀಠಾಧಿಪತಿಗಳಿಗೂ ಬೆಳಗೊಳದವರಂತೆಯೇ ಚಾರುಕೀರ್ತಿ ಎಂಬ ಅಭಿಧಾನವಿರುವುದು ಇದಕ್ಕೆ ಹೊಂದಿಕೆಯಾಗಿದೆ. ಸಿದ್ಧಾಂತದ ಓಲೆಗಳೂ ಅಲ್ಲಿಂದಲೇ ಬಂದವೆಂಬ ಪ್ರತೀತಿಯುಂಟು.

ಬಸದಿಗಳ ಹೆಸರುಗಳೇ ಊರಿನ ಆರ್ಥಿಕ ಚರಿತ್ರೆಯನ್ನು ಹೇಳುತ್ತವೆ. ಶೆಟ್ಟರ ಬಸದಿ, ವಿಕ್ರಮಶೆಟ್ಟಿ ಬಸದಿ, ಮಹಾದೇವಶೆಟ್ಟಿ ಬಸದಿ, ಚೋಳಶೆಟ್ಟಿ ಬಸದಿ, ದೇರಮ್ಮಶೆಟ್ಟಿ ಬಸದಿ ಇವೆಲ್ಲ ವರ್ತಕರ ಹೆಸರನ್ನು ಹೊತ್ತವು. ಕರಾವಳಿಯ ಬಂದರುಗಳಿಗೂ ಘಟ್ಟದ ಮೇಲಣ ನಾಡಿಗೂ ನಡುವೆ ಅಕ್ಕಿ ಮೆಣಸುಗಳ ವ್ಯಾಪಾರ ನಡೆಸಿದ ಈ ಶ್ರಾವಕರ ಸಂಪತ್ತು ಅರಸರ ಸಂಪತ್ತಿಗಿಂತ ಸ್ಥಿರವಾಗಿತ್ತು. ಹೊಸಬಸದಿಯೆಂದೂ ಸಾವಿರ ಕಂಬದ ಬಸದಿಯೆಂದೂ ಹೆಸರಾದ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯವು ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, 1430ರ ಸುಮಾರಿಗೆ, ಮುಖ್ಯವಾಗಿ ಇಂಥ ಶೆಟ್ಟಿಗಳ ಕೂಡುಧನದಿಂದಲೇ ಎದ್ದಿತು. ಚಿತ್ರಮಂಟಪ 1451ರ ಸುಮಾರಿನದು. ಮುಂದಿನ ಮಾನಸ್ತಂಭವನ್ನು ಕಾರ್ಕಳದ ಭೈರವರಸನ ರಾಣಿ ನಾಗಲದೇವಿ ನಿಲ್ಲಿಸಿದಳು. ಇಳಿಜಾರಾದ ಮಾಡುಗಳು ಒಂದರ ಮೇಲೊಂದು ಬರುವ ಈ ಕಟ್ಟಡವನ್ನು ಕಂಡ ಫರ್ಗುಸನ್ ನೇಪಾಳದ ದೇಗುಲಗಳನ್ನು ನೆನೆದನು. ನೇಪಾಳದವರೆಗೆ ಹೋಗಬೇಕಾದ ಅಗತ್ಯವೇನೂ ಇರಲಿಲ್ಲ. ಆಷಾಢದಲ್ಲಿ ಒಂದು ವಾರ ಈ ಊರಿನಲ್ಲಿ ನಿಂತಿದ್ದರೆ ಮಾಡು ಏಕೆ ಹಾಗೆ ಇಳಿದಿದೆಯೆಂಬುದು ತಿಳಿಯುತ್ತಿತ್ತು.

ಅರಸೊತ್ತಿಗೆಯ ವಿಷಯವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಉಳ್ಳಾಲದ ಅಬ್ಬಕ್ಕರಾಣಿಯ ವಂಶವಾದ ಚೌಟರು ಪುತ್ತಿಗೆಯಿಂದ ಇಲ್ಲಿಗೆ ಬಂದು ನೆಲಸಿದರು. ಅವರ ಅರಮನೆಯ ಮರದ ಕಂಬಗಳಲ್ಲಿರುವ ನವನಾರೀಕುಂಜರ, ಪಂಚನಾರೀತುರಗಗಳನ್ನು ನೋಡಲು ಇಂದಿಗೂ ಜನ ಬರುತ್ತಾರೆ. 1799ರ ಬಳಿಕ ಅಧಿಕಾರ ಇಂಗ್ಲಿಷರ ಪಾಲಾಗಿ, ಅರಮನೆಗೆ ಉಳಿದದ್ದು ವಿಶ್ರಾಂತಿವೇತನ ಮತ್ತು ಗೌರವ. 1801ರಲ್ಲಿ ಬುಕನನ್ ಈ ಊರಿಗೆ ಬಂದಾಗ ರಾಜ್ಯವೈಭವ ಕಳೆದಿತ್ತು, ಮಠ ಬಸದಿಗಳು ಉಳಿದಿದ್ದುವು. ಭರತೇಶವೈಭವದ ಕವಿ ರತ್ನಾಕರವರ್ಣಿಯೂ ಈ ಊರಿನವನೆಂಬುದು ವಾಚಕರಿಗೆ ಗೊತ್ತಿರುವ ಸಂಗತಿ.

ಈಗ ಓಲೆಗಳ ವಿಷಯ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾಟೀಕೆ ಶಕ 738ರಲ್ಲಿ, ಅಂದರೆ ಕ್ರಿ. ಶ. 816ರಲ್ಲಿ, ಪೂರ್ಣವಾಯಿತು. ಅದರ ಪರಿಮಾಣ 72,000 ಶ್ಲೋಕಗಳಷ್ಟು. ಗುಣಧರರ ಕಷಾಯಪ್ರಾಭೃತದ ಮೇಲಿನ ಜಯಧವಲೆಯನ್ನು ವೀರಸೇನರು ಆರಂಭಿಸಿದರು, ಜಿನಸೇನರು ಶಕ 759ರಲ್ಲಿ ಮುಗಿಸಿದರು. ಮೂಡುಬಿದಿರೆಯ ಧವಲಾಪ್ರತಿಗಳು ಮೂರು. ಅವುಗಳಲ್ಲಿ ಒಂದು ಬಹುಮಟ್ಟಿಗೆ ಪೂರ್ಣವಾಗಿದೆ, ಉಳಿದೆರಡು ತ್ರುಟಿತವಾಗಿವೆ. ಇವು ಶ್ರೀತಾಳೆಯ ಅಗಲವಾದ ಗರಿಗಳ ಮೇಲೆ ಹಳಗನ್ನಡ ಲಿಪಿಯಲ್ಲಿ ಬರೆದವು. ಕೆಲವು ಓಲೆಗಳಲ್ಲಿ ಪಾರ್ಶ್ವನಾಥ, ಬಾಹುಬಲಿ, ಯಕ್ಷಯಕ್ಷಿಯರ ವರ್ಣಚಿತ್ರಗಳಿವೆ. ಕರ್ಣಾಟಕದ ಓಲೆಚಿತ್ರಗಳಲ್ಲಿ ಇವು ಅತಿ ಪ್ರಾಚೀನವೆಂದು ಗಣಿತವಾಗಿವೆ.

ಧವಲೆಯ ಪ್ರತಿಯೊಂದರ ಪ್ರಶಸ್ತಿಯ ಪ್ರಕಾರ, ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕ ಶ್ರುತಪಂಚಮಿಯ ನೋಂಪಿಯನ್ನು ಉದ್ಯಾಪಿಸಿ, ಬನ್ನಿಯಕೆರೆಯ ಚೈತ್ಯಾಲಯದ ಆಚಾರ್ಯರಾದ ತನ್ನ ಗುರು ಶುಭಚಂದ್ರ ಸಿದ್ಧಾಂತದೇವರಿಗೆ ಈ ಪುಸ್ತಕವನ್ನು ಬರೆಯಿಸಿಕೊಟ್ಟಳು. ಶುಭಚಂದ್ರರು ಶಕ 1045ರಲ್ಲಿ, ಕ್ರಿ. ಶ. 1123ರಲ್ಲಿ, ಸ್ವರ್ಗಸ್ಥರಾದುದು ಬೆಳಗೊಳದ ಶಾಸನದಿಂದ ವಿದಿತ; ಪ್ರತಿ ಅದಕ್ಕಿಂತ ಹಿಂದಿನದು. ಮಹಾಬಂಧದ ಪ್ರತಿಯೂ ಇದೇ ವ್ರತದ ಉದ್ಯಾಪನೆಗೆ ಮಲ್ಲಿಕಾದೇವಿ ಎಂಬವಳು ಮಾಘನಂದಿ ಮುನಿಗಳಿಗೆ ಬರೆಯಿಸಿಕೊಟ್ಟದ್ದು. ಜೈನಾಗಮದ ಮೂಲಗ್ರಂಥಗಳು ಉಳಿದ ಕಥೆಯಲ್ಲಿ ಇಬ್ಬರು ಗೃಹಿಣಿಯರ ನೋಂಪಿಗೆ ಇಷ್ಟು ದೊಡ್ಡ ಪಾಲಿರುವುದನ್ನು ಪಂಡಿತವರ್ಗ ಸಾಕಷ್ಟು ಎತ್ತಿ ಹೇಳಿಲ್ಲ.

ಶ್ರುತಪಂಚಮಿ ಜ್ಯೇಷ್ಠಶುದ್ಧ ಪಂಚಮಿ. ತುಳುನಾಡಿನಲ್ಲಿ ಅದು ಮುಂಗಾರು ಕಾಲಿಡುವ ಹೊತ್ತು. ಮುಂದಿನ ನಾಲ್ಕು ತಿಂಗಳು ಗೋಡೆಗೆ ಪಾಚಿ, ಬಟ್ಟೆಗೆ ಬೂಷ್ಟು, ಓಲೆಗೆ ಹುಳು. ಇಂಥ ಹವೆಯಲ್ಲಿ ಓಲೆ ಉಳಿಯಬೇಕಾದರೆ ಕಟ್ಟು ಬಿಚ್ಚಿ ನೋಡುವ, ಒರೆಸುವ, ಎಣ್ಣೆ ಸವರುವ, ಮತ್ತೆ ಹಲಗೆಗಳ ನಡುವೆ ಬಿಗಿಯುವ ಕೆಲಸ ನಡೆಯುತ್ತಿರಬೇಕು. ಗ್ರಂಥಗಳನ್ನು ಹೊರತೆಗೆದು ಪೂಜಿಸುವ ಹಬ್ಬ ಮಳೆಯ ಬಾಗಿಲಲ್ಲಿಯೇ ಬರುವುದು ಈ ಪ್ರದೇಶಕ್ಕೆ ಅನುಕೂಲವೇ ಆಗಿದೆ. ಗುರುಬಸದಿಗೆ ಸಿದ್ಧಾಂತಬಸದಿಯೆಂಬ ಹೆಸರು ಬಂದದ್ದು ಈ ಓಲೆಗಳಿಂದ. ರತ್ನಬಿಂಬಗಳೊಡನೆ ಓಲೆಕಟ್ಟುಗಳನ್ನೂ ಯಾತ್ರಿಕರಿಗೆ ತೋರಿಸುವ ಕ್ರಮಕ್ಕೆ ಸಿದ್ಧಾಂತದರ್ಶನವೆಂದು ಹೆಸರು. ಕಾಯುವ ಹೊಣೆ ಮಠದ ಭಟ್ಟಾರಕರದೂ ಊರ ಪಂಚರದೂ ಆಗಿತ್ತು. ಅಳಿಯಸಂತಾನದ ಕಟ್ಟಿನಲ್ಲಿ ಮನೆತನದ ಆಸ್ತಿ ಹೆಣ್ಣಿನ ಬಳಿಯಲ್ಲಿ ಒಡೆಯದೆ ಸಾಗುತ್ತಿದ್ದುದರಿಂದ ಬಸದಿಗೆ ನಡೆದುಕೊಳ್ಳುವ ಬೀಡು ಗುತ್ತುಗಳೂ ತಲೆಮಾರುಗಳುದ್ದಕ್ಕೂ ನಿಂತುವು.

ಆದರೆ ರಕ್ಷಣೆ ಬೇರೆ, ಅಧ್ಯಯನ ಬೇರೆ. ದರ್ಶನ ನಡೆದಂತೆ ವಾಚನ ನಡೆಯಲಿಲ್ಲ. ಹಳಗನ್ನಡ ಲಿಪಿಯನ್ನೂ ಪ್ರಾಕೃತವನ್ನೂ ಸಿದ್ಧಾಂತವನ್ನೂ ಒಟ್ಟಿಗೆ ಬಲ್ಲವರು ವಿರಳರಾದರು. ಉತ್ತರದೇಶದ ಪಂಡಿತರು ನೇಮಿಚಂದ್ರರ ಗೊಮ್ಮಟಸಾರದಿಂದಲೇ ತೃಪ್ತರಾಗಬೇಕಾಯಿತು. ಮಹಾಧವಲವೆಂದು ಪೂಜೆಗೊಳ್ಳುತ್ತಿದ್ದ ಕಟ್ಟಿನ ಮೊದಲಲ್ಲಿರುವುದು ಮಹಾಬಂಧವಲ್ಲ, ಸತ್ಕರ್ಮಪಂಜಿಕೆಯೆಂಬ ಬೇರೊಂದು ವ್ಯಾಖ್ಯಾನ ಎಂಬುದು ಹೊರಗಿನ ವಿದ್ವಾಂಸರಿಗೆ ತಿಳಿದುಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆಂದು ಬಂದು ಓಲೆಗಳ ದರ್ಶನ ಪಡೆದು, ಇವು ಹೀಗೆಯೇ ಜೀರ್ಣವಾಗಿಬಿಟ್ಟರೆ ಗತಿಯೇನೆಂದು ಚಿಂತಿತರಾದರು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಜತೆಗೂಡಿದರು. ಓಲೆಯನ್ನು ಓದಬಲ್ಲ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ 1896ರಲ್ಲಿ ಪ್ರತಿ ಮಾಡಲು ತೊಡಗಿದರು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ಕಾಲವಾದರು. ಧವಲಾ ಜಯಧವಲೆಗಳ ನಾಗರಿ ಪ್ರತಿಯನ್ನು ಗಜಪತಿ ಉಪಾಧ್ಯಾಯರು ಮುಗಿಸಿದರು; ಮಹಾಬಂಧದ ನಾಗರಿ ಪ್ರತಿ 1918ರಿಂದ 1922ರವರೆಗೆ ಪಂಡಿತ ಲೋಕನಾಥ ಶಾಸ್ತ್ರಿಗಳ ಕೈಯಿಂದ ಆಯಿತು. ಒಟ್ಟು 26 ವರ್ಷಗಳ ಕೆಲಸ. ಹೊಸ ಪ್ರತಿಗಳೂ ಊರು ಬಿಟ್ಟು ಹೋಗಕೂಡದೆಂಬುದು ಪಂಚರ ಕಟ್ಟು.

ಕಟ್ಟು ಮುರಿದದ್ದು ಒಳಗಿನಿಂದಲೇ. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡಿದ್ದರು. ಅದನ್ನು ಕೊಳ್ಳಲು ಸೇಠರು ಒಪ್ಪಲಿಲ್ಲ. ಸಹಾರನಪುರದ ಲಾಲಾ ಜಂಬೂಪ್ರಸಾದರು ಕೊಂಡರು. ಅಲ್ಲಿ ಅದರಿಂದ ನಾಗರಿ ಪ್ರತಿಯನ್ನು ಸಿದ್ಧಪಡಿಸುವಾಗ ಸೀತಾರಾಮ ಶಾಸ್ತ್ರಿಗಳು ತಮಗೊಂದು ಪ್ರತಿ ಉಳಿಸಿಕೊಂಡರು. ಅಮರಾವತಿ, ಆರಾ, ಕಾರಂಜಾಗಳಿಗೆ ಹೋದ ಪ್ರತಿಗಳೆಲ್ಲ ಅದರ ಸಂತತಿ. ಇದನ್ನು ಕಳವೆನ್ನಬೇಕೆ ಶ್ರುತೋದ್ಧಾರವೆನ್ನಬೇಕೆ ಎಂಬ ವಿವಾದ ಇಂದಿಗೂ ತಣ್ಣಗಾಗಿಲ್ಲ. ಕೊಟ್ಟ ಮಾತಿಗೆ ಭಂಗವಾದದ್ದು ನಿಜ. ಆ ಭಂಗವಿಲ್ಲದೆ 1939ರಲ್ಲಿ ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಪ್ರಥಮ ಸಂಪುಟ ಹೊರಬರುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಹೀಗೆ ಪ್ರತಿಯ ಪ್ರತಿಯ ಪ್ರತಿಯಿಂದ ಅಚ್ಚಾದ ಗ್ರಂಥ ಪಾಠಶುದ್ಧಿಯ ಪ್ರಶ್ನೆಯನ್ನು ಎದುರಿಸಲೇಬೇಕಾಯಿತು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಪರ್ಯಾಪ್ತ ಮನುಷ್ಯಿನಿಯರಿಗೆ ಹೇಳಿದ ಗುಣಸ್ಥಾನಗಳು ಸಂಯತಾಸಂಯತಕ್ಕೆ, ಎಂದರೆ ಐದನೆಯದಕ್ಕೆ, ನಿಂತಿದ್ದುವು. ಆದರೆ ವೀರಸೇನರ ಟೀಕೆ ಅದೇ ಸ್ಥಳದಲ್ಲಿ ಹದಿನಾಲ್ಕು ಗುಣಸ್ಥಾನಗಳ ಶಂಕೆಯನ್ನೆತ್ತಿ ಭಾವವೇದದ ದೃಷ್ಟಿಯಿಂದ ಸಮಾಧಾನ ಹೇಳುತ್ತದೆ. ಮೂಲದಲ್ಲಿ ‘ಸಂಜದ’ ಎಂಬ ಪದವಿರದಿದ್ದರೆ ಈ ಶಂಕೆಗೆ ಅವಕಾಶವೇ ಇಲ್ಲ. ಆದುದರಿಂದ ಆ ಪದ ಬಿಟ್ಟುಹೋಗಿರುವಂತೆ ತೋರುತ್ತದೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಮುಕ್ತಿಯ ಪ್ರಶ್ನೆಗೆ ಅಂಟಿಕೊಂಡ ವಿಷಯವಾದ ಕಾರಣ ದಿಗಂಬರ ಪಂಡಿತರಲ್ಲಿ ಉಗ್ರವಾದ ವಾದ ಹುಟ್ಟಿತು. ಸಂಪಾದಕರು ತಮ್ಮ ಕಡೆಯಿಂದ ಸೂತ್ರಕ್ಕೆ ಪದ ಸೇರಿಸುತ್ತಿದ್ದಾರೆಂಬ ಆಕ್ಷೇಪವೂ ಬಂದಿತು.

ತೀರ್ಪು ಕೊಡಬಲ್ಲದ್ದು ಒಂದೇ ಸ್ಥಳ. ಅಷ್ಟರಲ್ಲಿ ಮೂಡುಬಿದಿರೆಯವರ ಮನಸ್ಸೂ ಬದಲಾಗಿತ್ತು. ಮೂಲದ ಓಲೆಗಳೊಡನೆ ತಾಳೆ ನೋಡಲು ಅನುಮತಿ ದೊರೆಯಿತು. ಆ ಓಲೆ ಉಳಿದಿರುವ ಪ್ರತಿಗಳಲ್ಲಿ ‘ಸಂಜದ’ ಪದ ಸ್ಪಷ್ಟವಾಗಿ ಕಂಡಿತು. ‘ಸಂಜದಾಸಂಜದ’ ಎಂಬುದರ ಬೆನ್ನಿಗೇ ಮತ್ತೆ ‘ಸಂಜದ’ ಬರುವಲ್ಲಿ ಲಿಪಿಕಾರನ ಕಣ್ಣು ಜಾರುವುದು ಹಸ್ತಪ್ರತಿಗಳಲ್ಲಿ ತೀರ ಸಾಮಾನ್ಯ. ಸಿದ್ಧಾಂತಬಸದಿಯ ಓಲೆ ನಷ್ಟವಾಗಿದ್ದರೆ ಈ ಸಾಮಾನ್ಯ ಪ್ರಮಾದವೇ ಆಗಮಪಾಠವೆಂದು ನಿಂತುಬಿಡುತ್ತಿತ್ತು. ಪ್ರತಿಗಳನ್ನು ಹೊರಬಿಡದ ಊರನ್ನು ದೂರಿದ ವಿದ್ವಾಂಸರು ಮೂಲವನ್ನು ಹೊರಬಿಡದ ಊರಿಗೆ ಈ ಋಣವನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಬಳಿಕ ಕೆಲಸ ವೇಗವಾಗಿ ನಡೆಯಿತು. ಧವಲೆ 16 ಸಂಪುಟಗಳಲ್ಲಿಯೂ ಮಹಾಬಂಧ 1947ರಿಂದ 7 ಸಂಪುಟಗಳಲ್ಲಿಯೂ ಪ್ರಕಟವಾದುವು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರಗ್ರಂಥಗಳ ಸೂಚಿ 1948ರಲ್ಲಿ ಹೊರಬಂದು, ಮಠವಲ್ಲದೆ ಲೋಕನಾಥ ಶಾಸ್ತ್ರಿಗಳು ಬೆಳೆಸಿದ ವೀರವಾಣೀವಿಲಾಸ ಸಿದ್ಧಾಂತಭವನವೇ ಮೊದಲಾದ ಸಂಗ್ರಹಗಳಲ್ಲಿಯೂ ಎಷ್ಟೊಂದು ಗ್ರಂಥಗಳಿವೆಯೆಂಬುದನ್ನು ತೋರಿಸಿತು. ರಮಾರಾಣಿ ಜೈನ ಶೋಧಸಂಸ್ಥಾನ ಮುಂದೆ ಈ ಊರಿನಲ್ಲಿಯೇ ಏರ್ಪಟ್ಟಿತು.

ಊರು ಈಗ ಹಿಂದಿನಂತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಅಳಿಯಸಂತಾನದ ಕಟ್ಟು ಸಡಿಲಿ ಮನೆತನಗಳು ಪಾಲಾದುವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಜಮೀನು ಉಳುವವರದಾಯಿತು. ನ್ಯಾಯವಾದ ಆ ಕ್ರಮದಿಂದಲೇ ಅನೇಕ ಬಸದಿಗಳ ನಿತ್ಯದ ಎಣ್ಣೆಬತ್ತಿಗೆ ಬರುತ್ತಿದ್ದ ಅಕ್ಕಿಯೂ ನಿಂತಿತು. ಪಟ್ಟಣದಲ್ಲಿ ಗೋಡಂಬಿ ಕಾರ್ಖಾನೆಗಳು, ಕಾಲೇಜುಗಳು, ಹೊರಜಿಲ್ಲೆಗಳಿಂದ ಬಂದ ಸಾವಿರಾರು ವಿದ್ಯಾರ್ಥಿಗಳು. ಕಡಲಕೆರೆಯಲ್ಲಿ ಕೋಟಿಚೆನ್ನಯ ಜೋಡುಕರೆ ಕಂಬಳ. ಇತ್ತ ಕೊಡಂಗಲ್ಲಿನಲ್ಲಿ ಭಟ್ಟಾರಕರ ಅಂತಸ್ತುಳ್ಳ ಮುರಕಲ್ಲಿನ ಸಮಾಧಿಗಳು ಮಳೆಗೆ ನೆನೆಯುತ್ತ ನಿಂತಿವೆ. 2013ರ ಜುಲೈಯಲ್ಲಿ, ಮಳೆಗಾಲದ ನಡುವೆ, ಸಿದ್ಧಾಂತಬಸದಿಯ ಅಮೂಲ್ಯ ಬಿಂಬಗಳ ಕಳವಾದಾಗ ಊರೇ ತಲ್ಲಣಿಸಿತು.

ಮಹಾಬಂಧದ ಆರಂಭ ಮಾತ್ರ ಇನ್ನೂ ದೊರೆತಿಲ್ಲ. ಪಂಜಿಕೆ ಮುಗಿದು ಮೂಲ ತೊಡಗಬೇಕಾದಲ್ಲಿಯೇ ಕಟ್ಟಿನ ಓಲೆ ನಷ್ಟವಾಗಿದೆ, ಮತ್ತೊಂದು ಪ್ರತಿ ಎಲ್ಲಿಯೂ ಸಿಕ್ಕಿಲ್ಲ. ಅಚ್ಚಾದ ಪುಸ್ತಕವೂ ಆ ಓಲೆಯ ಮುಂದಿನಿಂದಲೇ ಆರಂಭವಾಗುತ್ತದೆ.