"ಧಾರವಾಡಕ್ಕ ಕಳಸ್ರಿ ಇವನ್ನ": ಒಂದು ಚಾಷ್ಟಿಯ ಹಿಂದಿನ ಇತಿಹಾಸ

1/7
ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ... ಯಾವ ಊರಿನ ಕಟ್ಟಿ ಮ್ಯಾಲೆ ಕುಂತ್ರೂ ಒಮ್ಮೆ ಈ ಮಾತು ಕಿವಿಗೆ ಬೀಳತೈತಿ: "ಇವನ್ನ ಧಾರವಾಡಕ್ಕ ಕಳಸ್ರಿ." ಎಲ್ಲಾರೂ ನಗತೀವಿ. ಧಾರವಾಡ ಅಂದ್ರ ಪೇಡಾ, ಬೇಂದ್ರೆ, ಯುನಿವರ್ಸಿಟಿ. ಆದ್ರ ಈ ಮಾತಿನಾಗಿನ ಧಾರವಾಡ ಒಂದು ದವಾಖಾನಿ. ಈ ನಗುವಿಗೆ ಅಂಜಿ ಎಷ್ಟೋ ಮಂದಿ ತಮ್ಮ ತ್ರಾಸು ಯಾರ ಮುಂದೂ ಬಿಚ್ಚಂಗಿಲ್ಲ. ಅದಕ್ಕ ಈ ಸರಣಿ. ಪೂರ್ತಿ ಓದ್ರಿ ದೋಸ್ತ್ರ.

2/7 ಗೋಡೆಯ ಕಾಲ
ಧಾರವಾಡದ ಮಾನಸಿಕ ಆಸ್ಪತ್ರೆ ಶುರುವಾಗಿದ್ದು 1845ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ. ಆಗ ಜಮಖಂಡಿ, ಮುಧೋಳ ಇನ್ನೂ ಸಂಸ್ಥಾನಗಳು. ಆ ಕಾಲದ ಇಂಥ ಆಸ್ಪತ್ರೆಗಳ ಮೊದಲ ಕೆಲಸ ಗುಣ ಮಾಡುವುದಲ್ಲ, ಕೂಡಿಹಾಕುವುದು. 1912ರ ಭಾರತೀಯ ಲೂನಸಿ ಕಾಯ್ದೆಯ ನೋಟವೂ ಅದೇ ಆಗಿತ್ತು. ಅದನ್ನು ಬದಲಿಸಿದ ಹೊಸ ಕಾಯ್ದೆ ಬಂದಿದ್ದು 1987ರಲ್ಲಿ! ಮನಿ ಮಂದಿಯಿಂದ ದೂರ, ಮಾತಾಡುವವರಿಂದ ದೂರ. ನಮ್ಮ ಚಾಷ್ಟಿ ಹುಟ್ಟಿದ್ದು ಆ ಗೋಡೆಯ ಅಂಜಿಕೆಯಿಂದ ಅನ್ನಿಸತೈತಿ.

3/7 ಗೋಡೆ ಒಡೆದವರು
1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಒಂದು ಸರಳ ಕೆಲಸ ಮಾಡಿದರು. ಆಸ್ಪತ್ರೆ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ಮುಂದಿನ ವರ್ಷವೇ ಮನೋಶಾಸ್ತ್ರದ ತರಬೇತಿ ಆರಂಭವಾಯಿತು, ಅಂದರೆ ಮಾತಿನಿಂದ ಚಿಕಿತ್ಸೆ ಮಾಡುವುದನ್ನೂ ವೃತ್ತಿಯಾಗಿ ಕಲಿಸಬಹುದು ಅಂತಾಯಿತು. 1974ರಲ್ಲಿ ಇದೇ ಸಂಸ್ಥೆ, ಅಲ್ಲಿದ್ದ ಮಾನಸಿಕ ಆಸ್ಪತ್ರೆ ಎರಡೂ ಕೂಡಿ ನಿಮ್ಹಾನ್ಸ್ ಆದವು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು, ಊರಾಗ ಚಿಕಿತ್ಸೆ ಸಿಗುವಂಗ ಮಾಡಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿ. ಹೆಮ್ಮೆ ಪಡ್ರಿ!

4/7 ಮೆದುಳು ಏನಂತು?
ಮನಿ ಮಂದಿ ಜೊತೆಗಿದ್ದರೆ ರೋಗಿ ಬೇಗ ಸುಧಾರಿಸುತ್ತಾನೆ ಅನ್ನೋದು ಅನುಭವದಿಂದ ಗೊತ್ತಿತ್ತು. ಯಾಕ ಅಂತ ಮೆದುಳಿನೊಳಗ ಹುಡುಕಾಟ ಆಮೇಲೆ ಜೋರಾಯಿತು. 2006ರಲ್ಲಿ ಅಮೆರಿಕದ ಜೇಮ್ಸ್ ಕೋನ್ ಮತ್ತು ಜೊತೆಯವರು 16 ವಿವಾಹಿತ ಮಹಿಳೆಯರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, "ಈಗ ಸಣ್ಣ ಶಾಕ್ ಬರಬಹುದು" ಅಂತ ಸೂಚನೆ ಕೊಟ್ಟರು. ಗಂಡನ ಕೈ ಹಿಡಿದಾಗ ಅಪಾಯಕ್ಕೆ ಮಿಡಿಯುವ ಮೆದುಳಿನ ಭಾಗಗಳು ತಣ್ಣಗಾದವು. ಅಪರಿಚಿತರ ಕೈ ಹಿಡಿದಾಗಲೂ ಸ್ವಲ್ಪ ತಣ್ಣಗಾದವು, ಆದರೆ ಅಷ್ಟಲ್ಲ. ಸಂಸಾರ ಚೆನ್ನಾಗಿದ್ದಷ್ಟೂ ಪರಿಣಾಮ ಹೆಚ್ಚು. ಅಂದ್ರ ನಂಬಿಕಿ ಬರೀ ಮನಸ್ಸಿನ ಮಾತಲ್ಲ, ಅದು ಮೆದುಳಿನಾಗ ಅಳೆಯೋಕೆ ಬರೋವಂಥ ಘಟನೆ.

5/7 ನಮ್ಮ ಮುಖ, ನಮ್ಮ ಕಥೆ
ಬೇರೆಯವರ ಮುಖ, ದನಿ, ಉದ್ದೇಶ ಓದುವ ಮೆದುಳಿನ ಕೆಲಸಕ್ಕೆ ವಿಜ್ಞಾನಿಗಳು 'ಸಾಮಾಜಿಕ ಮೆದುಳು' ಅಂತಾರೆ. ಇದನ್ನು ಅಳೆಯುವ ಪರೀಕ್ಷೆಗಳಲ್ಲಿದ್ದ ಮುಖಗಳು, ಕಥೆಗಳು ಬಹುತೇಕ ವಿದೇಶದವು. ಅದಕ್ಕೆ ನಿಮ್ಹಾನ್ಸ್‌ನವರು ಭಾರತೀಯ ಕಲಾವಿದರ ಮುಖಭಾವಗಳ 'ಟ್ರೆಂಡ್ಸ್' ಪರೀಕ್ಷೆ ಮಾಡಿದರು. 2011ರಲ್ಲಿ ನಮ್ಮ ಸಂಸ್ಕೃತಿಗೆ ಹೊಂದುವ ಕಥೆಗಳ 'ಸಾಕ್ರೆಟಿಸ್' ಬಂತು. 1990ರ ದಶಕದಲ್ಲಿ ಇಟಲಿಯ ಪಾರ್ಮಾದಲ್ಲಿ ಮಂಗಗಳ ಮೆದುಳಲ್ಲಿ 'ಕನ್ನಡಿ ನರಕೋಶ' ಸಿಕ್ಕಿದ್ದವು. ತಾನು ಕೆಲಸ ಮಾಡುವಾಗಲೂ ಬೇರೆಯವರು ಮಾಡೋದು ನೋಡುವಾಗಲೂ ಮಿಡಿಯುವ ಕೋಶಗಳು ಇವು. 2014ರಲ್ಲಿ ನಿಮ್ಹಾನ್ಸ್‌ನ ಊರ್ವಕ್ಷ್ ಮೆಹ್ತಾ ತಂಡ, ಇನ್ನೂ ಔಷಧ ಶುರುವಾಗದ ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಇಂಥ ಮಿಡಿತ ಕಡಿಮೆ ಇರೋದನ್ನ ಕಂಡಿತು. ಎದುರಿನವರ ಮನಸ್ಸು ಓದೋದು ಅವರಿಗೆ ಸೊಕ್ಕಿನಿಂದ ತಪ್ಪಂಗಿಲ್ಲ, ಮೆದುಳಿಗೆ ಅದು ಕಷ್ಟ ಆಗಿರತೈತಿ. ಬೈಯೋ ಮುಂಚೆ ಇದೊಂದು ನೆನಪಿರಲಿ.

ಒಂದು ಎಚ್ಚರಿಕೆ: ಕರುಣೆ ಅಂದ್ರ ಪೂರಾ ಕನ್ನಡಿ ನರಕೋಶ ಅಂತ ರೀಲ್ಸ್‌ನಾಗ ಹೇಳೋರು ಅದಾರ. ವಿಜ್ಞಾನ ಅಷ್ಟು ದೂರ ಹೋಗಿಲ್ಲ.

6/7 ಹಂಗಾರ ಥೆರಪಿಸ್ಟ್ ಹೆಂಗ ತಯಾರಾಗಬೇಕು?
"ಬರೀ ಮಾತಾಡಾಕ ರೊಕ್ಕ ಯಾಕ?" ಅಂತ ಕೇಳೋರಿಗೆ ಉತ್ತರ ಇಲ್ಲೈತಿ. ರೋಗಿಯ ಮೆದುಳು ಥೆರಪಿಸ್ಟ್‌ನ ಮುಖ, ದನಿ, ಮೌನ ಎಲ್ಲಾ ಓದತಿರತೈತಿ. ಆಕಿ ಗಾಬರಿಯಾದರೆ, ಬೇಸರ ಪಟ್ಟರೆ ಅದೂ ತಲುಪತೈತಿ. ಅದಕ್ಕೇ ಪುಸ್ತಕ ಓದಿ ಪಾಸಾದರೆ ಸಾಲದು. ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಬೇಕು, ತನಗೆ ಯಾವ ಮಾತಿಗೆ ಸಿಟ್ಟು, ಯಾವ ಮಾತಿಗೆ ಅಳು ಬರತೈತಿ ಅನ್ನೋದನ್ನೂ ಕಲಿಯಬೇಕು. ಯಾವ ಪದ್ಧತಿಯ ಥೆರಪಿ ಇದ್ದರೂ ಇಬ್ಬರ ನಡುವಿನ ನಂಬಿಕೆ ಗಟ್ಟಿಯಿದ್ದರೆ ಫಲ ಹೆಚ್ಚು ಅಂತ ದಶಕಗಳ ಸಂಶೋಧನೆ ಹೇಳುತ್ತೆ. ಔಷಧಿ ಬೇಕಾದಲ್ಲಿ ಬೇಕೇ ಬೇಕು. ಮಾತು ಅದರ ಬದಲಿ ಅಲ್ಲ, ಜೊತೆಗಾರ.

7/7
ಬನಹಟ್ಟಿಯ ಮಗ್ಗದ ಮನಿ ಇರಲಿ, ಮುಧೋಳದ ಕಬ್ಬಿನ ಹೊಲ ಇರಲಿ, ನಿದ್ದಿ ಬಾರದ ಮನುಷ್ಯಾ ಎಲ್ಲಾ ಕಡೆ ಅದಾನ. ಧಾರವಾಡದ ಆ ಹಳೇ ಆಸ್ಪತ್ರೆ ಇವತ್ತು ಡಿಮ್ಹಾನ್ಸ್. ಅಲ್ಲಿ ಚಿಕಿತ್ಸೆಯೂ ಐತಿ, ಓದೂ ಐತಿ. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಸಹಾಯವಾಣಿಯೂ ಐತಿ: 14416. ಪುಕ್ಕಟೆ, ಕನ್ನಡದಾಗ ಮಾತಾಡಬಹುದು.

ಗೋಡೆ ಒಡೆಯೋಕೆ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ನಮ್ಮ ಚಾಷ್ಟಿ ಬಿಡಾಕ ಅಷ್ಟು ಬ್ಯಾಡ. ಮುಂದ ಯಾರರ "ಧಾರವಾಡಕ್ಕ ಕಳಸ್ರಿ" ಅಂದ್ರ, ನಗಬ್ಯಾಡ್ರಿ. "ಹೋಗೂದಿದ್ರ ನಾನೂ ಜೋಡಿ ಬರ್ತೀನಿ" ಅನ್ರಿ.

ಸೇವ್ ಮಾಡ್ಕೋರಿ, ಬೇಕಾದವರಿಗೆ ಕಳಸ್ರಿ. 🙏
#ನಮ್ಮಜಮಖಂಡಿ #ಬಾಗಲಕೋಟೆ #ಮನಸ್ಸಿನಮಾತು #ಇತಿಹಾಸ