ತಿರುಗೋಕೂ ಜಾಗ ಇಲ್ಲದ ಪೆಟ್ಟಿಗೆ: ಲೈಕಾಳ ತರಬೇತಿ ಮತ್ತು ನಿಮ್ಮ ಮನೆಯ ನಾಯಿಮರಿ

ನಿಮ್ಮಲ್ಲಿ ಎಷ್ಟೋ ಜನ ಬಾಡಿಗೆ ಫ್ಲ್ಯಾಟ್‌ನಲ್ಲಿ ನಾಯಿಮರಿ ಸಾಕ್ತಿದ್ದೀರಿ. ಬೆಳಗ್ಗೆ ಆಫೀಸಿಗೆ ಹೊರಟ್ರೆ ಸಾಕು, ಮರಿ ಬಾಗಿಲ ಹಿಂದೆ ನಿಂತು ಅಳೋಕೆ ಶುರು. ಸಂಜೆ ಬರೋಷ್ಟರಲ್ಲಿ ಚಪ್ಪಲಿ ಚೂರುಚೂರು, ಪಕ್ಕದ ಮನೆಯವರ ಕಂಪ್ಲೇಂಟ್ ಬೇರೆ. ಆಗ ಯಾರೋ ಹೇಳ್ತಾರೆ, "ಕ್ರೇಟ್ ತಗೊಳ್ಳಿ, ಎಲ್ಲಾ ಸರಿಹೋಗುತ್ತೆ" ಅಂತ. ಸರಿಹೋಗುತ್ತಾ? ಇದಕ್ಕೆ ಉತ್ತರ ಹುಡುಕೋಕೆ ಇವತ್ತು 1957ರ ಮಾಸ್ಕೋಗೆ ಹೋಗೋಣ. ಪೆಟ್ಟಿಗೆಯೊಳಗೆ ಒಂಟಿಯಾಗಿ, ಸುಮ್ಮನೆ ಇರೋದನ್ನ ಕಲಿತ ಜಗತ್ತಿನ ಅತಿ ಪ್ರಸಿದ್ಧ ನಾಯಿ ಇದ್ದದ್ದು ಅಲ್ಲೇ. ಅವಳ ಹೆಸರು ಲೈಕಾ.

ಲೈಕಾ ಮಾಸ್ಕೋದ ಬೀದಿ ನಾಯಿ. ಚಳಿ, ಹಸಿವು ಎರಡನ್ನೂ ತಡೆದುಕೊಂಡು ಬದುಕಿದ ನಾಯಿಗಳು ಗಟ್ಟಿ ಅನ್ನೋದು ಸೋವಿಯತ್ ವಿಜ್ಞಾನಿಗಳ ಲೆಕ್ಕಾಚಾರ. 1957ರ ಅಕ್ಟೋಬರ್ 4ಕ್ಕೆ ಸ್ಪುಟ್ನಿಕ್-1 ಹಾರಿತ್ತು. ನವೆಂಬರ್ 7ಕ್ಕೆ ರಷ್ಯಾ ಕ್ರಾಂತಿಯ 40ನೇ ವರ್ಷಾಚರಣೆ. ಅದಕ್ಕೆ ಮೊದಲೇ ಇನ್ನೊಂದು ಸಾಧನೆ ಆಗಬೇಕು ಅಂತ ಕ್ರುಶ್ಚೇವ್ ಅವರ ಒತ್ತಾಯ. ಹೀಗಾಗಿ ಸ್ಪುಟ್ನಿಕ್-2 ತಯಾರಾಗಿದ್ದು ತರಾತುರಿಯಲ್ಲಿ, ಕೆಲವೇ ವಾರಗಳಲ್ಲಿ.

ನೌಕೆಯ ಕ್ಯಾಬಿನ್ ತೀರಾ ಚಿಕ್ಕದು. ಅದಕ್ಕೆ ಒಗ್ಗಿಸೋಕೆ ನಾಯಿಗಳನ್ನ ಮೊದಲು ಒಂದು ಬೋನಿನಲ್ಲಿಟ್ರು, ಆಮೇಲೆ ಅದಕ್ಕಿಂತ ಸಣ್ಣದರಲ್ಲಿ, ಆಮೇಲೆ ಇನ್ನೂ ಸಣ್ಣದರಲ್ಲಿ. ಒಮ್ಮೊಮ್ಮೆ 20 ದಿನದವರೆಗೆ. ನಾಯಿಗಳು ಚಡಪಡಿಸಿದವು. ಮಲಮೂತ್ರ ಮಾಡೋದನ್ನೇ ನಿಲ್ಲಿಸಿದವು, ಔಷಧಿ ಕೊಟ್ಟರೂ ಪ್ರಯೋಜನ ಆಗಲಿಲ್ಲ. ದಿನಗಳು ಉರುಳಿದಂತೆ ಕೊನೆಗೆ ಒಗ್ಗಿಕೊಂಡವು. ಹೊರಗಿನಿಂದ ನೋಡಿದವರಿಗೆ ಅದು ಶಾಂತಿ ಅಂತಲೇ ಕಾಣುತ್ತೆ.

ಹಾರಾಟಕ್ಕೆ ಮುಂಚೆ ವ್ಲಾದಿಮಿರ್ ಯಾಜ್ದೋವ್‌ಸ್ಕಿ ಅನ್ನೋ ವಿಜ್ಞಾನಿ ಲೈಕಾಳನ್ನ ತಮ್ಮ ಮನೆಗೆ ಕರ್ಕೊಂಡು ಹೋಗಿ ಮಕ್ಕಳ ಜೊತೆ ಆಡೋಕೆ ಬಿಟ್ಟರು. ಅವಳು ವಾಪಸ್ ಬರಲ್ಲ ಅಂತ ಅವರಿಗೆ ಗೊತ್ತಿತ್ತು. ಯಾಕಂದ್ರೆ ಭೂಮಿಗೆ ಮರಳಿ ತರೋ ವ್ಯವಸ್ಥೆಯೇ ಆ ನೌಕೆಯಲ್ಲಿ ಇರಲಿಲ್ಲ.

ನವೆಂಬರ್ 3ರಂದು ರಾಕೆಟ್ ಮೇಲೇರಿತು. ಕ್ಯಾಬಿನ್‌ನಲ್ಲಿ ಲೈಕಾ ನಿಲ್ಲಬಹುದಿತ್ತು, ಮಲಗಬಹುದಿತ್ತು, ಆದರೆ ಒಂದು ಸುತ್ತು ತಿರುಗೋಕೆ ಆಗ್ತಿರಲಿಲ್ಲ. ಉಡಾವಣೆ ವೇಳೆ ಅವಳ ಹೃದಯ ಬಡಿತ ನಿಮಿಷಕ್ಕೆ ಸುಮಾರು 100ರಿಂದ 240ಕ್ಕೆ ಹೋಯ್ತು. ಅದು ಮತ್ತೆ ಇಳಿಯೋಕೆ ಸುಮಾರು ಮೂರು ಗಂಟೆ ಬೇಕಾಯ್ತು, ನೆಲದ ಮೇಲಿನ ಪರೀಕ್ಷೆಯಲ್ಲಿ ತಗೊಂಡ ಸಮಯದ ಮೂರು ಪಟ್ಟು. ಅಷ್ಟೆಲ್ಲಾ ತರಬೇತಿ ಆದ್ಮೇಲೂ ಭಯ ಹೋಗಿರಲಿಲ್ಲ. ಕೆಲವೇ ಗಂಟೆಗಳಲ್ಲಿ ವಿಪರೀತ ಬಿಸಿಯಿಂದ ಲೈಕಾ ಸತ್ತಳು. ಅವಳು ಹಲವು ದಿನ ಬದುಕಿದ್ದಳು ಅಂತಲೇ ದಶಕಗಳ ಕಾಲ ಜಗತ್ತು ನಂಬಿತ್ತು, ನಿಜ ಹೊರಬಂದಿದ್ದು 2002ರಲ್ಲಿ. ಅದಕ್ಕೂ ಮೊದಲೇ, 1998ರಲ್ಲಿ, ತಂಡದ ವಿಜ್ಞಾನಿ ಓಲೆಗ್ ಗಜೆಂಕೊ ಪಶ್ಚಾತ್ತಾಪ ಪಟ್ಟಿದ್ರು. ಆ ಸಾವನ್ನ ಸಮರ್ಥಿಸಿಕೊಳ್ಳುವಷ್ಟು ನಾವೇನೂ ಕಲಿಯಲಿಲ್ಲ ಅನ್ನೋದು ಅವರ ಮಾತಿನ ಸಾರ.

ಈಗ ನಿಮ್ಮ ಮನೆಗೆ ಬರೋಣ. ಕ್ರೇಟ್ ಕೊಳ್ಳುವಾಗ ನೋಡಬೇಕಾದ ಅಳತೆ ಏನು? ಮರಿ ನಿಲ್ಲಬೇಕು, ಮಲಗಬೇಕು, ಆರಾಮಾಗಿ ತಿರುಗಬೇಕು. ಲೈಕಾಗೆ ಸಿಗದೇ ಹೋದದ್ದು ಈ ಮೂರನೆಯದು. ಇನ್ನೊಂದು ವ್ಯತ್ಯಾಸ ಅದಕ್ಕಿಂತ ದೊಡ್ಡದು. ಅಲ್ಲಿ ಬೋನು ಕುಗ್ಗುತ್ತಾ ಹೋಯ್ತು. ಮನೆಯ ತರಬೇತಿಯಲ್ಲಿ ಕ್ರೇಟ್ ಅಷ್ಟೇ ಇರುತ್ತೆ, ಹೆಚ್ಚೋದು ಸಮಯ, ಅದೂ ಚೂರುಚೂರೇ. ಮೊದಲು ಬಾಗಿಲು ತೆರೆದಿಟ್ಟು ಊಟವನ್ನ ಒಳಗಿಡಿ. ಮರಿ ತಾನಾಗೇ ಹೋಗಿ ಬರಲಿ. ಆಮೇಲೆ ಹತ್ತು ಸೆಕೆಂಡ್ ಬಾಗಿಲು ಮುಚ್ಚಿ, ತೆಗೀರಿ. ಒಂದು ನಿಮಿಷ, ಐದು ನಿಮಿಷ. ನೀವು ಪಕ್ಕದ ರೂಮಿಗೆ ಹೋಗಿ ಬನ್ನಿ, ಆಮೇಲೆ ಕೆಳಗೆ ಅಂಗಡಿಗೆ ಹೋಗಿ ಬನ್ನಿ. ಮರಿ ಗಾಬರಿಯಾಯ್ತಾ? ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಬೈದು ಒಳಗೆ ತಳ್ಳಬೇಡಿ. ಮರಿ ಕಲಿಯಬೇಕಾದ ಪಾಠ ಒಂದೇ: ಈ ಬಾಗಿಲು ತೆರೆಯುತ್ತೆ, ಹೋದವರು ಬರ್ತಾರೆ.

"ನಾಯಿಗೆ ಗುಹೆ ಅಂದ್ರೆ ಇಷ್ಟ, ಕ್ರೇಟೂ ಗುಹೆ ಥರಾನೇ" ಅಂತ ಕೆಲವರು ಹೇಳ್ತಾರೆ. ಆದರೆ ಗೂಡಿನೊಳಗೆ ಮರಿ ಒಂಟಿಯಾಗಿರಲ್ಲ, ಅಮ್ಮ ಇರ್ತಾಳೆ, ಜೊತೆ ಹುಟ್ಟಿದವು ಇರ್ತವೆ. ಆ ಗೂಡಿಗೆ ಚಿಲಕಾನೂ ಇಲ್ಲ.

ಬಿ.ಕಾಂ ಓದಿದವರಿಗೆ ಡೆಡ್‌ಲೈನ್ ಲೆಕ್ಕ ಬೇಗ ಅರ್ಥವಾಗುತ್ತೆ. ಲೈಕಾಳ ವೇಳಾಪಟ್ಟಿ ಬರೆದದ್ದು ಒಂದು ವರ್ಷಾಚರಣೆಯ ತಾರೀಖು. ನಮ್ಮ ಮರಿಯ ವೇಳಾಪಟ್ಟಿ ಬರೆಯೋದು ಹಲವು ಸಲ ನಮ್ಮ ಆಫೀಸು. ಸೋಮವಾರ ಕೆಲಸಕ್ಕೆ ಹೋಗಲೇಬೇಕು ಅಂತ ಶನಿವಾರ ತಂದ ಕ್ರೇಟ್‌ನಲ್ಲಿ ಒಂಬತ್ತು ಗಂಟೆ ಕೂಡಿಹಾಕಿದ್ರೆ ಅದು ತರಬೇತಿ ಆಗಲ್ಲ. ಅಷ್ಟು ಹೊತ್ತು ಮರಿಗೆ ಮೂತ್ರ ತಡೆಯೋಕೂ ಆಗಲ್ಲ. ಮೊದಲ ಕೆಲವು ವಾರ ರಜೆ ಹಾಕಿ, ಇಲ್ಲಾ ಮಧ್ಯಾಹ್ನ ನೋಡಿಕೊಳ್ಳೋಕೆ ಯಾರನ್ನಾದ್ರೂ ಗೊತ್ತು ಮಾಡಿ. ಎರಡೂ ಆಗಲ್ಲ ಅಂದ್ರೆ ಮರಿ ತರೋದನ್ನ ಸ್ವಲ್ಪ ಮುಂದಕ್ಕೆ ಹಾಕಿ.

ಕೊನೇ ಮಾತು. 1960ರ ಆಗಸ್ಟ್‌ನಲ್ಲಿ ಬೆಲ್ಕಾ, ಸ್ಟ್ರೆಲ್ಕಾ ಅನ್ನೋ ಎರಡು ನಾಯಿಗಳು ಕಕ್ಷೆಗೆ ಹೋಗಿ ಜೀವಂತ ಮರಳಿದವು. ಅವುಗಳ ಪೆಟ್ಟಿಗೆಯ ಬಾಗಿಲು ತೆರೆಯಿತು. ಅದೇ ವರ್ಷ ಭಾರತದಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಓಡಾಡೋಕೆ ಸಾಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಬೋನಿನಲ್ಲಿ ಪ್ರಾಣಿಯನ್ನ ಇಡೋದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮರಿ ಸಾಕೋ ಫ್ರೆಂಡ್ಸ್ ಇದ್ರೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.