ಬೇಟೆಗಾರನ ಟಿಪ್ಪಣಿಯಲ್ಲಿ ಉಳಿದ ಕನ್ನಡದ ಇಲಿ

ಪೊದೆಗಳಲ್ಲಿ ಗೂಡು ಕಟ್ಟುವ ಒಂದು ಜಾತಿಯ ಇಲಿ ಇದೆ. ವಿಜ್ಞಾನಿಗಳು ಅದನ್ನು 'ಗೊಲುಂಡ ಎಲಿಯೋಟಿ' ಎಂದು ಕರೆಯುತ್ತಾರೆ. ಕೇಳಲು ಲ್ಯಾಟಿನ್ ಥರ ಇದ್ದರೂ ಮೊದಲ ಪದದ ಬೇರು ಕನ್ನಡದಲ್ಲಿದೆ. ಧಾರವಾಡ ಸೀಮೆಯ ಜನ ಈ ಇಲಿಗೆ 'ಗುಲಂದಿ' ಎನ್ನುತ್ತಿದ್ದರು. ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಆ ಹೆಸರನ್ನೇ ತಿದ್ದಿ ಶಾಸ್ತ್ರಕ್ಕೆ ಸೇರಿಸಿದ. ಗದ್ದೆ ಇಲಿಯೊಂದಕ್ಕೆ ಅದೇ ವರ್ಷ 'ಕೊಕ್' ಎಂಬ ಊರ ಹೆಸರನ್ನೇ ಇಟ್ಟ.

ಧಾರವಾಡದ ಹೊಲದ ಮಾತು ಲಂಡನ್ನಿಗೆ ಹೋದದ್ದು ಹೇಗೆ? 'ಎಲಿಯೋಟಿ' ಎಂಬ ಎರಡನೇ ಪದದಲ್ಲಿ ಉತ್ತರ ಇದೆ. ಅದು ವಾಲ್ಟರ್ ಎಲಿಯಟ್ ಎಂಬ ಕಂಪನಿ ಸರ್ಕಾರದ ಅಧಿಕಾರಿಯ ಹೆಸರು. ಆತ ಒಳ್ಳೆಯ ಬೇಟೆಗಾರ, ಅದಕ್ಕಿಂತ ಹೆಚ್ಚಾಗಿ ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಡುವ ಮನುಷ್ಯ. ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮಗೆ ಆತನ ಕಥೆ ಯಾಕೆ ಬೇಕು ಅಂದರೆ, ಅದರಲ್ಲಿ ನಮ್ಮ ಹೊಳೆ, ಗದ್ದೆ, ಹಾಡಿಗೂ ಒಂದು ಪಾಠ ಇದೆ.

ಬೇಟೆಯ ದಿನಚರಿ ಎಂಬ ರೂಢಿ

19ನೇ ಶತಮಾನದ ಇಂಗ್ಲಿಷರಲ್ಲಿ ಬೇಟೆಯಾಡುವವರು ದಿನಚರಿ ಬರೆಯುವುದು ರೂಢಿಯಾಗಿತ್ತು. ಇದರಲ್ಲಿ ದೊಡ್ಡ ಹೆಸರು ಕರ್ನಲ್ ಪೀಟರ್ ಹಾಕರ್ (1786–1853). 1809ರಲ್ಲಿ ಸ್ಪೇನಿನ ತಲವೇರಾ ಯುದ್ಧದಲ್ಲಿ ಗಾಯಗೊಂಡು ಸೈನ್ಯ ಬಿಟ್ಟ ಈತ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಉಪ್ಪುನೀರಿನ ಹಿನ್ನೀರಿನಲ್ಲಿ ಬಾತುಕೋಳಿ ಬೇಟೆ ಹಿಡಿದ. ನಮ್ಮ ಪಾತಿ ದೋಣಿಯಂಥ ತಗ್ಗಾದ ದೋಣಿ, ಅದರ ಮೂತಿಗೆ ಕಟ್ಟಿದ ಉದ್ದನೆಯ ಕೋವಿ. ಅದರಲ್ಲಿ ಮಲಗಿಕೊಂಡೇ ಹಕ್ಕಿಗಳ ಹಿಂಡಿನ ಹತ್ತಿರ ಸರಿಯುವುದು ಅಲ್ಲಿನ ಕ್ರಮ. 1802ರಿಂದ ಸಾಯುವ ವರ್ಷದವರೆಗೂ ಆತ ದಿನಚರಿ ಬರೆದ. ಆತ ಸತ್ತು 40 ವರ್ಷದ ಮೇಲೆ, 1893ರಲ್ಲಿ ಅದು ಪುಸ್ತಕವಾಗಿ ಬಂತು.

ಭಾರತಕ್ಕೆ ಬಂದ ಅಧಿಕಾರಿಗಳೂ ಈ ರೂಢಿಯನ್ನು ಹೊತ್ತು ತಂದರು. ವಾಲ್ಟರ್ ಕ್ಯಾಂಪ್‌ಬೆಲ್ ಎಂಬ ಸೈನಿಕ 1864ರಲ್ಲಿ 'ಮೈ ಇಂಡಿಯನ್ ಜರ್ನಲ್' ಎಂದು ತನ್ನ ದಿನಚರಿಯನ್ನೇ ಅಚ್ಚು ಹಾಕಿಸಿದ. ಇಂಥ ಪುಸ್ತಕಗಳಲ್ಲಿ ಹೆಚ್ಚಿನವು ಹೊಡೆದ ಹುಲಿ, ಹೊಡೆದ ಹಕ್ಕಿಯ ಲೆಕ್ಕ. ಎಲಿಯಟ್ ಬೇರೆ ದಾರಿ ಹಿಡಿದ.

ಕಿತ್ತೂರಿನ ಸೆರೆಯಿಂದ ಧಾರವಾಡದ ಬಯಲಿಗೆ

ಎಲಿಯಟ್ ಹುಟ್ಟಿದ್ದು 1803ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. 1821ರಲ್ಲಿ ಮದ್ರಾಸಿಗೆ ಬಂದ. ಸೇಲಂನಲ್ಲಿ ಸ್ವಲ್ಪ ಕಾಲ ಇದ್ದು ಧಾರವಾಡಕ್ಕೆ ಬಂದ. ಆಗ ಆ ಸೀಮೆಗೆ 'ದಕ್ಷಿಣ ಮರಾಠಾ ದೇಶ' ಎಂದು ಹೆಸರು.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಏನಾಯಿತು ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ರಾಣಿ ಚೆನ್ನಮ್ಮನ ಪಡೆಯ ಎದುರು ಥ್ಯಾಕರೆ ಸತ್ತ. ಆ ದಿನ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ಎಲಿಯಟ್. ಆಗ ಎಲಿಯಟ್‌ಗೆ ಬರೀ 21 ವರ್ಷ. ಕೆಲವು ವಾರ ಕಿತ್ತೂರಿನ ವಶದಲ್ಲಿದ್ದು ಡಿಸೆಂಬರಿನಲ್ಲಿ ಜೀವಂತ ಬಿಡುಗಡೆಯಾದ. ಅದೇ ತಿಂಗಳು ಕಂಪನಿ ಸೈನ್ಯ ಕಿತ್ತೂರನ್ನು ಮುರಿಯಿತು.

ಇದನ್ನು ಮರೆತು ಎಲಿಯಟ್‌ನನ್ನು ಹೊಗಳುವುದು ಸರಿಯಲ್ಲ. ಆತ ನಮ್ಮ ನಾಡನ್ನು ಆಳಲು ಬಂದವರ ಪೈಕಿ ಒಬ್ಬ. ಆದರೆ ಸೆರೆಯಿಂದ ಬಂದ ಮೇಲೂ 1833ರವರೆಗೆ ಅದೇ ಸೀಮೆಯಲ್ಲಿ ಉಳಿದ. ಆ ವರ್ಷಗಳಲ್ಲಿ ಆತ ಸುತ್ತದ ಊರು ಕಡಿಮೆ.

ಕೋವಿ ಹಿಡಿದು ಹೋದಲ್ಲೆಲ್ಲ ಎರಡು ಕೆಲಸ ಮಾಡಿದ. ಒಂದು, ಕಲ್ಲಿನ ಮೇಲೆ ಕಂಡ ಶಾಸನಗಳ ನಕಲು ಮಾಡಿಸಿದ. ಹೀಗೆ ಸೇರಿದ ಶಾಸನಗಳು 595. ಅವುಗಳ ಆಧಾರದ ಮೇಲೆ ಚಾಲುಕ್ಯರ, ಕದಂಬರ ವಂಶಾವಳಿಯ ಬಗ್ಗೆ 1837ರಲ್ಲಿ ಲೇಖನ ಪ್ರಕಟಿಸಿದ. ಕರ್ನಾಟಕದ ಇತಿಹಾಸವನ್ನು ಶಾಸನ ಹಿಡಿದು ಬರೆಯುವ ಕೆಲಸದಲ್ಲಿ ಅದು ಮೊದಮೊದಲ ಹೆಜ್ಜೆ. ಕಲ್ಲು ಕಲ್ಲಿಗೂ ಶಾಸನ ಇರುವ ಬಾರಕೂರಿನ ಜನರಿಗೆ ಈ ಕೆಲಸದ ಬೆಲೆ ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಪ್ರಾಣಿಗಳ ಪಟ್ಟಿ. 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಆ ಸೀಮೆಯ ಸಸ್ತನಿಗಳ ಬಗ್ಗೆ ದೀರ್ಘ ಲೇಖನ ಬರೆದ. ಪ್ರಾಣಿಗಳಿಗೆ ಸ್ಥಳೀಯ ಭಾಷೆಗಳಲ್ಲಿ ಇರುವ ಹೆಸರುಗಳೂ ಇವೆ ಎಂದು ಲೇಖನದ ತಲೆಬರಹದಲ್ಲೇ ಹೇಳಿದ. ಇದು ಸಣ್ಣ ವಿಷಯ ಅಲ್ಲ. ಬೇರೆಯವರು ಚರ್ಮ, ಕೊಂಬು ಒಯ್ಯುತ್ತಿದ್ದ ಕಾಲದಲ್ಲಿ ಈತ ಹೆಸರನ್ನೂ ಬರೆದುಕೊಂಡ.

ಹೇಳಿಕೊಟ್ಟವರು ಯಾರು?

ಇಲಿಗಳ ವಿಷಯ ಎಲಿಯಟ್‌ಗೆ ತಿಳಿದದ್ದು ಕೆರೆ ತೋಡುವ ಒಡ್ಡರಿಂದ, ಅಂದರೆ ಇಂದಿನ ಭೋವಿ ಸಮುದಾಯದ ಹಿರಿಯರಿಂದ. ಅವರು ಬಿಲ ಅಗೆದು ಇಲಿ ಹಿಡಿಯುತ್ತಿದ್ದರು. ಇಲಿ ಕೂಡಿಟ್ಟ ಧಾನ್ಯವನ್ನು ತೆಗೆದು, ತೊಳೆದು, ಒಣಗಿಸಿ ಉಣ್ಣುತ್ತಿದ್ದರು. ಒಳ್ಳೆಯ ಜಾಗದಲ್ಲಿ ಒಂದು ಬಿಲದಿಂದ ಅರ್ಧ ಸೇರಿನಷ್ಟು ಕಾಳು ಸಿಗುತ್ತಿತ್ತು ಎಂದು ಎಲಿಯಟ್ ದಾಖಲಿಸಿದ್ದಾನೆ. 1867ರಲ್ಲಿ ಜರ್ಡನ್ ಎಂಬ ವೈದ್ಯ ಭಾರತದ ಸಸ್ತನಿಗಳ ದೊಡ್ಡ ಪುಸ್ತಕ ಬರೆದಾಗ ಈ ಟಿಪ್ಪಣಿಗಳನ್ನೇ ಎತ್ತಿಕೊಂಡ.

ಅರ್ಧ ಸೇರು ಕಾಳಿನ ಈ ಮಾತಿನಲ್ಲಿ ಇಲಿಯ ಜೀವನ ಇದೆ, ಬಡವರ ಹಸಿವೂ ಇದೆ. ಯಾವ ಬಿಲದಲ್ಲಿ ಯಾವ ಇಲಿ, ಅದು ಯಾವಾಗ ಎಷ್ಟು ಕೂಡಿಡುತ್ತದೆ ಎಂದು ಗೊತ್ತಿದ್ದವರು ಬರೆಯಲು ಕಲಿತವರಲ್ಲ. ಬರೆಯಲು ಬಂದವನ ಹೆಸರು ಇಲಿಗೆ ಅಂಟಿತು. ಹೇಳಿಕೊಟ್ಟವರು 'ಒಡ್ಡರು' ಎಂಬ ಒಂದೇ ಪದದಲ್ಲಿ ಉಳಿದರು. ನಮಗೆ ಈ ಕಥೆಯಲ್ಲಿ ಕಾಡುವುದು ಇದೇ.

ಡಾರ್ವಿನ್ನನಿಗೆ ಹೋದ ಪಾರಿವಾಳ

ಎಲಿಯಟ್ ಮುಂದೆ ಮದ್ರಾಸಿನಲ್ಲಿ ದೊಡ್ಡ ಹುದ್ದೆಗೆ ಏರಿದ. ಆಗ ನಮ್ಮ ಕುಂದಾಪುರವೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಹೋದಾಗಲೂ ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು.

1845ರಲ್ಲಿ ಎಲಿಯಟ್ ಆಂಧ್ರದ ಅಮರಾವತಿಯ ಬೌದ್ಧ ಸ್ತೂಪ ಅಗೆಸಿದ. ಅಲ್ಲಿನ ಕೆತ್ತನೆ ಕಲ್ಲುಗಳು ಮದ್ರಾಸಿಗೆ, ಆಮೇಲೆ ಲಂಡನ್ನಿಗೆ ಹೋದವು. ಬ್ರಿಟಿಷ್ ಮ್ಯೂಸಿಯಂನಲ್ಲಿ ಅವು ಇಂದಿಗೂ ಇವೆ. ಇದೂ ಆತನ ಲೆಕ್ಕಕ್ಕೇ ಸೇರಬೇಕು.

ಚಾರ್ಲ್ಸ್ ಡಾರ್ವಿನ್ ಸಾಕುಪ್ರಾಣಿಗಳ ಬಗ್ಗೆ ಅಧ್ಯಯನ ಮಾಡುವಾಗ ಭಾರತದ ಪಾರಿವಾಳ, ಕೋಳಿಗಳ ಚರ್ಮ ಬೇಕೆಂದು ಎಲಿಯಟ್‌ಗೆ ಕಾಗದ ಬರೆದ. ಎಲಿಯಟ್ ಕಳಿಸಿದ. 1859ರಲ್ಲಿ ಬಂದ ಡಾರ್ವಿನ್ನನ ಪ್ರಸಿದ್ಧ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದಕ್ಕೆ ಕೃತಜ್ಞತೆ ಇದೆ.

1860ರಲ್ಲಿ ನಿವೃತ್ತನಾಗಿ ಊರಿಗೆ ಹೋದ ಮೇಲೂ ಬರೆಯುವುದು ನಿಲ್ಲಲಿಲ್ಲ. ಕೊನೆಗಾಲದಲ್ಲಿ ಕಣ್ಣು ಮಂಜಾಗಿತ್ತು. ಆದರೂ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕ ಮುಗಿಸಿ, 1887ರ ಮಾರ್ಚ್ 1ರಂದು ತೀರಿಕೊಂಡ.

ಹಕ್ಕಿ ಹೋಯಿತು, ಬರಹ ಉಳಿಯಿತು

1880ರಲ್ಲಿ ಎಲಿಯಟ್ ಒಂದು ಹಕ್ಕಿಯ ಬಗ್ಗೆ ಲಂಡನ್ನಿನ ಪತ್ರಿಕೆಗೆ ಟಿಪ್ಪಣಿ ಕಳಿಸಿದ. ಅದು ನಮ್ಮ ಬಯಲುಸೀಮೆಯವರು 'ಎರಲಡ್ಡು' ಎನ್ನುವ ಹಕ್ಕಿ. ಎರೆ ಅಂದರೆ ಕಪ್ಪು ಮಣ್ಣು. ಒಂದು ಮೀಟರ್ ಎತ್ತರ, ಗಂಡಾದರೆ 15 ಕಿಲೋವರೆಗೂ ತೂಗುವ ಈ ಹಕ್ಕಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ನೆಲದ ಮೇಲೆ. ಬೇಟೆಗಾರರಿಗೆ ಇದು ದೊಡ್ಡ ಬಹುಮಾನ.

ಇವತ್ತು ಇಡೀ ದೇಶದಲ್ಲಿ ಉಳಿದಿರುವುದು 150ರ ಆಸುಪಾಸು. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟು ಇವೆ. ಕೋವಿ ಮಾತ್ರ ಅದನ್ನು ಮುಗಿಸಲಿಲ್ಲ. ಹುಲ್ಲುಗಾವಲು ಹೊಲವಾಯಿತು, ವಿದ್ಯುತ್ ತಂತಿಗಳು ಬಂದವು. 1972ರ ವನ್ಯಜೀವಿ ಕಾಯ್ದೆ ಬರುವ ಹೊತ್ತಿಗೆ ತುಂಬಾ ತಡವಾಗಿತ್ತು. ಆದರೆ ಹಿಂದೆ ಎಲ್ಲೆಲ್ಲಿ ಇತ್ತು ಎಂದು ಇವತ್ತು ಹೇಳಲು ಸಾಧ್ಯವಾಗುವುದು ಹಳೆಯ ಬೇಟೆಗಾರರು ಬರೆದಿಟ್ಟ ಕಾರಣದಿಂದ. ಹೊಡೆದವರ ಪುಸ್ತಕವೇ ಇಂದು ಹಕ್ಕಿಯ ಪರ ಸಾಕ್ಷಿ ಹೇಳುತ್ತಿದೆ.

ಬರೆದರೂ ಸಾಲದು, ಕಾಪಾಡಬೇಕು. ಭಾರತದ ಬೇಟೆ ಹಕ್ಕಿಗಳ ಬಗ್ಗೆ ಮೂರು ಸಂಪುಟ ಬರೆದ ಎ.ಒ. ಹ್ಯೂಮ್ ಗೊತ್ತಲ್ಲ, 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬ. ಆತ ವರ್ಷಗಟ್ಟಲೆ ಕೂಡಿಟ್ಟ ಹಕ್ಕಿ ಬರಹಗಳ ಕಟ್ಟನ್ನು ಶಿಮ್ಲಾದ ಮನೆಯ ಆಳು ಪೇಟೆಯಲ್ಲಿ ರದ್ದಿಗೆ ಮಾರಿಬಿಟ್ಟ.

ನಮ್ಮ ಹೊಳೆಗೆ ದಿನಚರಿ ಎಲ್ಲಿದೆ?

ಗಂಗೊಳ್ಳಿಯ ಹತ್ತಿರ ಐದು ಹೊಳೆಗಳು ಕೂಡುವ ಪಂಚಗಂಗಾವಳಿ, ಬ್ರಹ್ಮಾವರದ ಕಡೆ ಸೀತಾ, ಸ್ವರ್ಣಾ ನದಿಗಳ ಹಿನ್ನೀರು, ಬೈಂದೂರಿನ ಕಡಲಂಚು. ಇಲ್ಲೆಲ್ಲ ಚಳಿಗಾಲಕ್ಕೆ ದೂರದ ಹಕ್ಕಿಗಳು ಬರುತ್ತವೆ. ಯಾವ ಹಕ್ಕಿ ಯಾವ ತಿಂಗಳು ಬರುತ್ತದೆ, ಕಾರ್ತಿ ಗದ್ದೆಯಲ್ಲಿ ಮೊದಲು ಕೂಗುತ್ತಿದ್ದದ್ದು ಯಾವುದು, ಈಗ ಯಾವುದು ಕಾಣುವುದಿಲ್ಲ ಎಂದು ಬಲೆ ಬೀಸುವವರಿಗೆ, ಚಿಪ್ಪು ಹೆಕ್ಕುವ ಹೆಂಗಸರಿಗೆ, ಗದ್ದೆ ಕಾಯ್ದ ಅಜ್ಜಯ್ಯನಿಗೆ ಗೊತ್ತು. ಅವರು ಹೇಳುವ ಹೆಸರುಗಳು ಕುಂದಾಪುರ ಕನ್ನಡದವು, ಬ್ರಹ್ಮಾವರ ದಾಟಿದರೆ ತುಳುವಿನವು. ಪಠ್ಯಪುಸ್ತಕದಲ್ಲಿ ಅವು ಸಿಗುವುದಿಲ್ಲ.

ಬೆಳೆ ರಕ್ಷಣೆಯ ಕೋವಿ ಇರುವ ಮನೆಗಳಲ್ಲಿ ಹಿಂದಿನ ಬೇಟೆಯ ನೆನಪು ಇನ್ನೂ ಇದೆ. ಇವತ್ತು ಬೇಟೆ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ 50 ವರ್ಷದ ಹಿಂದೆ ಯಾವ ಹಾಡಿಯಲ್ಲಿ ಯಾವ ಪ್ರಾಣಿ ಇತ್ತು ಎಂಬ ಅವರ ನೆನಪು ದಾಖಲೆ. ಅವರ ಜೊತೆಗೇ ಅದು ಮಣ್ಣಾಗಬಾರದು.

ಎಲಿಯಟ್‌ಗೆ ಬೇಕಾದದ್ದು ಕುದುರೆ, ಆಳುಕಾಳು, ಶಾಯಿ, ಕಾಗದ. ನಮಗೆ ಕೈಯಲ್ಲಿರುವ ಮೊಬೈಲ್ ಸಾಕು. ಹಕ್ಕಿಯ ಊರ ಹೆಸರು, ಕಂಡ ಜಾಗ, ಕಂಡ ದಿನ, ಇಷ್ಟು ಬರೆದಿಡಿ. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ, ಒಂದು ಪ್ರತಿಯನ್ನು ಬೇರೆ ಕಡೆಯೂ ಇಡಿ. ಎಲಿಯಟ್‌ನ ಪುಸ್ತಕದಲ್ಲಿ ಇಲ್ಲದ ಇನ್ನೊಂದನ್ನೂ ಸೇರಿಸಿ: ಅವರು ಒಪ್ಪಿದರೆ, ಹೇಳಿದವರ ಹೆಸರು.